ಅಜ್ಜಿ ಜೊತೆ ಟೈಮ್‌ಪಾಸ್ ಅಲ್ಲ!

ಮುಂದಿನ ಸೆಮಿಸ್ಟರ್‌ಗೆ ಕ್ಯಾಂಪಸ್‌ಗೆ ಕಂಪನಿಗಳು ಬರುತ್ತವೆ. ಅದಕ್ಕಾಗಿ ಕಾಲೇಜಿನಲ್ಲಿ ಮಾಕ್ ಇಂಟರ್‌ವ್ಯೂ ಇಟ್ಟಿದ್ದರು. ರಾತ್ರಿಯಿಡೀ ಡೇಟಾ ಸ್ಟ್ರಕ್ಚರ್ ಓದಿಕೊಂಡು ಹೋದರೆ, ಮೇಡಂ ಇಂಗ್ಲಿಷಿನಲ್ಲಿ ಕೇಳಿದ ಮೊದಲ ಪ್ರಶ್ನೆ, ‘ವೀಕೆಂಡ್‌ನಲ್ಲಿ ಏನು ಮಾಡ್ತೀರಿ?’

ಇಷ್ಟೇನಾ ಅಂದುಕೊಂಡೆ. ‘ಐ ಗೋ ಟು ಮೈ ವಿಲೇಜ್ ಆ್ಯಂಡ್ ಡೂ ಟೈಮ್‌ಪಾಸ್ ವಿತ್ ಮೈ ಗ್ರ್ಯಾಂಡ್‌ಮದರ್’ ಅಂದೆ.

‘ಯಾಕೆ, ಅಜ್ಜಿ ಅಂದ್ರೆ ಅಷ್ಟು ಬೋರಾ?’ ಅಂದರು. ಇಡೀ ಕ್ಲಾಸ್ ಗೊಳ್ಳೆಂದು ನಕ್ಕಿತು. ನನಗೆ ಮಾತ್ರ ಚುಳ್ಳೆಂದಿತು. ಅಜ್ಜ ಹೋದ ಮೇಲೆ ಅಜ್ಜಿ ಒಬ್ಬರೇ. ಶನಿವಾರ ಕ್ಲಾಸ್ ಮುಗಿಸಿ, ನಿಂತುಕೊಂಡೇ ಬಸ್ಸಿನಲ್ಲಿ ಊರಿಗೆ ಹೋಗುವುದು ಅವರಿಗಾಗಿ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಅವರು ಹೇಳುವ ಊರಿನ ಸುದ್ದಿ ಕೇಳುವುದು ನನಗೆ ಬೇರೆಲ್ಲದಕ್ಕಿಂತ ಇಷ್ಟ. ಅದನ್ನು ಹೊತ್ತು ಹೋಗದ ಕೆಲಸ ಅಂತ ನನ್ನ ಬಾಯಲ್ಲೇ ಹೇಳಿಬಿಟ್ಟಿದ್ದೆ!

ಆಮೇಲೆ ಮೇಡಂ ಕೂರಿಸಿಕೊಂಡು ವಿವರಿಸಿದರು. ಕನ್ನಡದಲ್ಲಿ ಬೇಜಾರಿಗೂ ಕಾಲ ಕಳೆಯುತ್ತೇವೆ, ಪ್ರೀತಿಯಿಂದಲೂ ಕಾಲ ಕಳೆಯುತ್ತೇವೆ. ಇಂಗ್ಲಿಷಿನಲ್ಲಿ ಎರಡಕ್ಕೂ ಬೇರೆ ಮಾತಿದೆ. ಬಸ್ಸಿಗೆ ಕಾಯುವಾಗ ಮೊಬೈಲ್ ನೋಡುವುದು ‘ಪಾಸ್ ದಿ ಟೈಮ್’. ಬೇಕೆಂದೇ ಒಬ್ಬರಿಗಾಗಿ ಸಮಯ ಕೊಡುವುದು ‘ಸ್ಪೆಂಡ್ ಟೈಮ್ ವಿತ್’. ಇದರ ಮುಂದೆ ‘ಟು ಟಾಕ್’ ಬರುವುದಿಲ್ಲ, ‘ಐ ಸ್ಪೆಂಡ್ ಟೈಮ್ ಟಾಕಿಂಗ್ ಟು ಹರ್’ ಅನ್ನಬೇಕು.

ಗೆಳೆಯರೊಂದಿಗೆ ಸುಮ್ಮನೆ ಸುತ್ತಾಡಿ ಹರಟುವುದು ‘ಹ್ಯಾಂಗ್ ಔಟ್ ವಿತ್’. ಇದು ಕ್ಯಾಂಟೀನ್ ಭಾಷೆ, ಇಂಟರ್‌ವ್ಯೂನಲ್ಲಿ ‘ಸ್ಪೆಂಡ್ ಟೈಮ್’ ವಾಸಿ. ಬಹಳ ದಿನದ ಮೇಲೆ ಸಿಕ್ಕ ಪಿಯುಸಿ ಗೆಳತಿಯೊಂದಿಗೆ ಕಷ್ಟಸುಖ ಮಾತಾಡಿದರೆ ‘ಕ್ಯಾಚ್ ಅಪ್ ವಿತ್’. ಟ್ರಿಪ್ ಮುಗಿಸಿ ಬಂದು ‘ವಿ ಎಂಜಾಯ್ಡ್ ಎ ಲಾಟ್’ ಅನ್ನುತ್ತೇವಲ್ಲ, ಅಲ್ಲಿ ಏನನ್ನು ಎಂಜಾಯ್ ಮಾಡಿದಿರಿ ಎಂಬುದೇ ಇಲ್ಲ. ‘ವಿ ಎಂಜಾಯ್ಡ್ ದಿ ಟ್ರಿಪ್’ ಅಥವಾ ‘ವಿ ಹ್ಯಾಡ್ ಎ ಗ್ರೇಟ್ ಟೈಮ್’ ಸರಿ.

ನನಗೆ ತುಂಬಾ ಹಿಡಿಸಿದ್ದು ಕೊನೆಯದು. ‘ಕಂಪನಿ ಕೊಡು ಬಾ’ ಎನ್ನುವ ನಾವು ಇಂಗ್ಲಿಷಿನಲ್ಲೂ ‘ಗಿವ್ ಕಂಪನಿ’ ಅಂತೀವಿ. ಅವರು ‘ಕೀಪ್ ಸಮ್‌ಒನ್ ಕಂಪನಿ’ ಅನ್ನುತ್ತಾರೆ. ಒಂಟಿಯಾಗಿರುವವರ ಜೊತೆಗಿರುವುದು ಅಂತ ಅರ್ಥ.

ಎರಡನೇ ಸುತ್ತಿನಲ್ಲಿ ಅದೇ ಪ್ರಶ್ನೆ ಬಂತು. ‘ಐ ಗೋ ಹೋಮ್ ಆ್ಯಂಡ್ ಕೀಪ್ ಮೈ ಗ್ರ್ಯಾಂಡ್‌ಮದರ್ ಕಂಪನಿ’ ಅಂದೆ. ಈ ಸಲ ಯಾರೂ ನಗಲಿಲ್ಲ. ‘ಏನು ಮಾತಾಡ್ತೀರಿ?’ ಅಂತ ಮೇಡಂ ಕೇಳಿದರು. ಅವರೆಕಾಯಿಯಿಂದ ಶುರುವಾದ ಮಾತು, ಐದು ನಿಮಿಷ ತಡವರಿಸದೆ ಹರಿಯಿತು.

ಶನಿವಾರ ಅಜ್ಜಿಗೆ ಇದೆಲ್ಲ ಹೇಳಿದೆ. ‘ಇಂಗ್ಲಿಷು ನಂಗೆ ತಿಳಿಯಲ್ಲ ಮಗಾ. ಕಂಪ್ನೀಲಿ ಕೆಲಸ ಸಿಕ್ಕಿದ ಮೇಲೂ ಹಿಂಗೇ ಬರ್ತೀಯಲ್ಲ?’ ಅಂದರು. ಆ ಪ್ರಶ್ನೆಗೆ ಮಾತ್ರ ನಾನಿನ್ನೂ ತಯಾರಿ ನಡೆಸಿಲ್ಲ.