ಸೊನ್ನದಿಂದ ಸೊನ್ನೆಯ ಕೆಳಗೆ

ಅಫಜಲಪುರ ತಾಲ್ಲೂಕಿನ ಸೊನ್ನದ ಬ್ಯಾರೇಜಿನಲ್ಲಿ ಭೀಮೆಯ ನೀರನ್ನು ಕಂಡ ವಿದ್ಯಾರ್ಥಿಗಳ ತಂಡವೊಂದರೊಡನೆ, ಜನವರಿಯಲ್ಲಿ ಈಶಾನ್ಯ ಚೀನದ ಹಾರ್ಬಿನ್ ನಗರಕ್ಕೆ ನಾವು ಹೊರಟೆವೆಂದು ಭಾವಿಸೋಣ. ಆ ತಿಂಗಳು ಅಲ್ಲಿನ ಸರಾಸರಿ ಉಷ್ಣತೆಯು ಸೊನ್ನೆಗಿಂತ ಸುಮಾರು 18 ಡಿಗ್ರಿ ಸೆಲ್ಸಿಯಸ್ ಕೆಳಗೆ. ಸೊನ್ನದವರಿಗೆ ಸೊನ್ನೆಯ ಕೆಳಗಿನ ಲೆಕ್ಕ ಹೊಸದು! ಇಟಲಿಯ ವೆನಿಸ್ ಕೂಡ ಹೆಚ್ಚುಕಡಮೆ ಅದೇ ಅಕ್ಷಾಂಶದಲ್ಲಿದೆ. ಆದರೆ ಅದಕ್ಕೆ ಕಡಲಿನ ಆಸರೆಯುಂಟು, ಹಾರ್ಬಿನ್ನಿಗೆ ಸೈಬೀರಿಯದ ಶೀತವಾಯುವಿನ ಕಾಟ.

ಅಲ್ಲಿಯ ಸಾಂಗ್‌ಹುವಾ ನದಿಯ ಮೇಲೆ ನಾವು ನಡೆದೇ ಹೋಗಬಹುದು. ಅದರ ಮಂಜುಗಡ್ಡೆಯನ್ನು ಕೊಯ್ದು, 1985ರಲ್ಲಿ ಆರಂಭವಾದ ಹಿಮೋತ್ಸವಕ್ಕೆ ಗೋಪುರಗಳನ್ನೂ ಅರಮನೆಗಳನ್ನೂ ಕಟ್ಟುತ್ತಾರೆ. ಗಡ್ಡೆಯನ್ನು ಎತ್ತಿದೆಡೆಯಲ್ಲಿ ಇಣುಕಿದರೆ ಕಾಣುವುದೇನು? ಹರಿಯುವ ನೀರು! ಮೀನುಗಳು ಅದರಲ್ಲಿಯೇ ಚಳಿಗಾಲವನ್ನು ಕಳೆಯುತ್ತವೆ.

ಇದೆಂತು ಸಾಧ್ಯ? ಬಹುತೇಕ ದ್ರವಗಳು ಘನವಾಗುವಾಗ ಕುಗ್ಗಿ, ತಮ್ಮ ದ್ರವದಲ್ಲಿಯೇ ಮುಳುಗುವುವು. ನೀರಾದರೋ ಹೆಪ್ಪುಗಟ್ಟುವಾಗ ನೂರಕ್ಕೆ ಸುಮಾರು 9ರಷ್ಟು ಹಿಗ್ಗುತ್ತದೆ. ಆದುದರಿಂದ ಮಂಜುಗಡ್ಡೆಯು ತೇಲುತ್ತದೆ. ತೇಲುವ ಈ ಪದರವು ಕಂಬಳಿಯಂತೆ ಕೆಳಗಿನ ನೀರಿನ ಶಾಖವು ಬೇಗನೆ ಸೋರಿಹೋಗದಂತೆ ತಡೆಯುತ್ತದೆ. ಗಡ್ಡೆಯು ಮುಳುಗುವಂತಿದ್ದರೆ ನದಿಯು ತಳದಿಂದಲೇ ಗಟ್ಟಿಯಾಗುತ್ತ ಬರುತ್ತಿತ್ತು, ಮೀನಿಗೆ ಎಡೆಯೆಲ್ಲಿ?

ಮನುಷ್ಯನಿಗೆ ಇಂತಹ ಕಂಬಳಿ ತಾನಾಗಿ ದೊರೆಯದು. ಚಿತ್ರ ತೆಗೆಯುವ ಆತುರದಲ್ಲಿ ಕೈಗವಸನ್ನು ಕಳಚಿಟ್ಟು ನಿಂತರೆ ಬೆರಳಿನೊಳಗಿನ ನೀರೂ ಹರಳುಗಟ್ಟಿ, ಬೆರಳೇ ಹೋಗಬಹುದು. ಹಾಗೆ ಮರಗಟ್ಟಿದ ಬೆರಳನ್ನು ಉಜ್ಜಬಾರದು, ಬೆಂಕಿಗೂ ಹಿಡಿಯಬಾರದು. ಒಳಗೆ ಹೋಗಿ, ಸುಮಾರು 38 ಡಿಗ್ರಿಯಷ್ಟು ಬೆಚ್ಚಗಿನ ನೀರಿನಲ್ಲಿ ಅದ್ದಿ, ವೈದ್ಯರನ್ನು ಕರೆಸಬೇಕು.