ಎಲ್ಲರಿಗೂ ಎಟುಕುವ ಗಣಕಭಾಷೆ

ಒಂದೇ ಗಣಕಯಂತ್ರವನ್ನು ಹಲವರು ಹಂಚಿಕೊಂಡು ಬಳಸುವುದು ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಸಾಮಾನ್ಯವಾದ ಸಂಗತಿ. ಅಂಥ ಯಂತ್ರದಲ್ಲಿ ವಿದ್ಯಾರ್ಥಿಯೊಬ್ಬನು ಪೈಥಾನ್ ಭಾಷೆಯ ಹೊಸ ಆವೃತ್ತಿಯನ್ನು ಸ್ಥಾಪಿಸಿದನೆಂದು ಭಾವಿಸೋಣ. ಅವನ ಲೆಕ್ಕಗಳು ಸರಾಗವಾಗಿ ನಡೆಯುತ್ತವೆ. ಮರುದಿನ ಅದೇ ಯಂತ್ರದ ಮುಂದೆ ಕುಳಿತ ಸಹಪಾಠಿಗೆ ‘ಅಂಥ ಆಜ್ಞೆಯಿಲ್ಲ’ ಎಂಬ ಉತ್ತರ ದೊರೆಯುತ್ತದೆ. ಭಾಷೆ ಯಂತ್ರದಲ್ಲಿಯೇ ಇರುವಾಗ ಹೀಗೇಕೆ?

ಇದರ ಕಾರಣವು ಯೂನಿಕ್ಸ್ ವ್ಯವಸ್ಥೆಯ ರಚನೆಯಲ್ಲಿದೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚೀ ಇದನ್ನು ಆರಂಭಿಸಿದರು. 1991ರಲ್ಲಿ ಹೊರಬಂದ ಲಿನಕ್ಸ್ ಇದೇ ಜಾಡನ್ನು ಹಿಡಿದಿದೆ. ಇಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಸ್ವಂತದ ‘ಮನೆ’ಯೆಂಬ ಕಡತಕೋಶವುಂಟು. ಅದರೊಳಗೆ ಸ್ಥಾಪಿಸಿದ ಭಾಷೆ ಹಿತ್ತಿಲ ಬಾವಿಯಂತೆ; ಅದು ಊರಬಾವಿಯಲ್ಲ.

ಅದು ಎಲ್ಲರಿಗೂ ದೊರೆಯಬೇಕಾದರೆ ಮೂರು ಸಂಗತಿಗಳು ಕೂಡಿಬರಬೇಕು. ಮೊದಲನೆಯದು ಸ್ಥಳ. ಯೂಸರ್ ಕೋಶದೊಳಗಿನ ‘ಲೋಕಲ್’ ಕೋಶ ಅಥವಾ ‘ಆಪ್ಟ್’ ಎಂಬ ಬೇರೆ ಕೋಶ ಇದಕ್ಕೆ ತಕ್ಕುದು. ಎರಡನೆಯದು ದಾರಿ. ನಾವು ಆಜ್ಞೆಯೊಂದನ್ನು ಬರೆದಾಗ ಯಂತ್ರವು ‘ಪಾತ್’ ಎಂಬ ಪಟ್ಟಿಯಲ್ಲಿರುವ ಕೋಶಗಳನ್ನು ಕ್ರಮವಾಗಿ ಹುಡುಕಿ, ಮೊದಲು ಸಿಕ್ಕಿದ್ದನ್ನು ನಡೆಸುತ್ತದೆ. ಪಟ್ಟಿಯಲ್ಲಿಲ್ಲದ ಕೋಶವನ್ನು ಅದು ಇಣುಕಿಯೂ ನೋಡುವುದಿಲ್ಲ. ಆದುದರಿಂದ ಎಲ್ಲರ ಪಟ್ಟಿಗೂ ಆ ಕೋಶವನ್ನು ಸೇರಿಸಬೇಕು.

ಮೂರನೆಯದು ಅನುಮತಿ. ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1 ಎಂದು ಅಂಕಗಳಿವೆ. ಒಡೆಯನಿಗೆ 7, ಅವನ ಗುಂಪಿಗೆ 5, ಉಳಿದವರಿಗೆ 5 ಕೊಟ್ಟರೆ 755 ಆಗುತ್ತದೆ: ಎಲ್ಲರೂ ಓದಬಹುದು, ನಡೆಸಬಹುದು, ತಿದ್ದುವ ಅಧಿಕಾರ ಒಡೆಯನಿಗೆ ಮಾತ್ರ. ಕೋಶಗಳ ವಿಷಯದಲ್ಲಿ ‘ನಡೆಸುವ’ ಅನುಮತಿಯೆಂದರೆ ಒಳಹೊಗುವ ಅನುಮತಿ. ಮೇಲಿನ ಕೋಶವೊಂದು ಮುಚ್ಚಿದ್ದರೆ ಒಳಗಿನದು 755 ಆಗಿದ್ದರೂ ಫಲವಿಲ್ಲ. ನಿರ್ವಾಹಕನು ತನ್ನ ಮನೆಯಲ್ಲೇ ಭಾಷೆಯನ್ನಿಟ್ಟು ಹೊರಗೆ ಕೊಂಡಿಯೊಂದನ್ನು ಮಾತ್ರ ಹಾಕಿದಾಗ ಅದು ಕೆಲಸ ಮಾಡದಿರುವುದು ಇದರಿಂದಲೇ.

ಈ ತೊಡಕಿಗೆ ಬೇಸತ್ತು 777 ಎಂದು ಬರೆದುಬಿಡುವವರುಂಟು. ಇದು ಅಪಾಯಕರ. ಆಗ ಯಾರು ಬೇಕಾದರೂ ಆ ಭಾಷೆಯ ಕಡತವನ್ನು ಬದಲಿಸಬಹುದು. ಬದಲಿಸಿದ್ದು ಮಿಕ್ಕವರ ಹೆಸರಿನಲ್ಲಿ, ಅವರ ಅಧಿಕಾರದಲ್ಲಿ ನಡೆಯುತ್ತದೆ. ಊರಬಾವಿಯಿಂದ ಎಲ್ಲರೂ ನೀರು ಸೇದಬೇಕು ನಿಜ. ಹಾಗೆಂದು ಅದರೊಳಗೆ ಯಾರು ಏನನ್ನಾದರೂ ಸುರಿಯಬಹುದೇ?

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಹಲವು ಲಿನಕ್ಸ್ ಪ್ರಭೇದಗಳು ತಮ್ಮ ಆಂತರಿಕ ಕಾರ್ಯಗಳಿಗೂ ಪೈಥಾನನ್ನು ನೆಚ್ಚಿಕೊಂಡಿವೆ. ಅದನ್ನು ಅಳಿಸಿ ಹೊಸದನ್ನು ಅಲ್ಲಿಟ್ಟರೆ ವ್ಯವಸ್ಥೆಯೇ ಕೆಡಬಹುದು. ಹೊಸದನ್ನು ಆವೃತ್ತಿಸಂಖ್ಯೆಯುಳ್ಳ ಹೆಸರಿನಿಂದ ಬೇರೆಡೆ ಸ್ಥಾಪಿಸುವುದು ಲೇಸು. ಅವರವರಿಗೆ ಬೇಕಾದ ಹೆಚ್ಚಿನ ಸಲಕರಣೆಗಳನ್ನು ಅವರವರ ಮನೆಕೋಶದಲ್ಲಿಯೇ ಇರಿಸಿಕೊಂಡರೆ ಒಬ್ಬರ ಪ್ರಯೋಗ ಮತ್ತೊಬ್ಬರ ಕೆಲಸಕ್ಕೆ ಅಡ್ಡಬಾರದು.