ಚೂರು ಬಟ್ಟೆಯ ತಾಂಬೂಲದ ಚೀಲ

ಮದುವೆ ಮನೆಗೆ ಹೋಗಿದ್ದೀರಿ. ಊಟ ಆಯಿತು. ಹೊರಡುವಾಗ ಬಾಗಿಲ ಬಳಿ ಏನು ಕೊಡುತ್ತಾರೆ? ತಾಂಬೂಲ. ಒಂದು ತೆಂಗಿನಕಾಯಿ, ಎರಡು ವೀಳ್ಯದೆಲೆ, ಅಡಿಕೆ. ಅದನ್ನು ಹಾಕಿ ಕೊಡಲು ಒಂದು ಚೀಲ. ನಮ್ಮ ಕ್ಯಾಸಂಬಳ್ಳಿ ಕಡೆ ಕನ್ನಡ ಮಾತಾಡುವ ಮನೆಗಳಿವೆ, ತೆಲುಗು ಮಾತಾಡುವ ಮನೆಗಳಿವೆ. ಕೆ.ಜಿ.ಎಫ್. ಪೇಟೆಗೆ ಹೋದರೆ ತಮಿಳು ಕೇಳುತ್ತದೆ. ಮಾತು ಬೇರೆ ಬೇರೆ. ತಾಂಬೂಲ ಮಾತ್ರ ಎಲ್ಲರಿಗೂ ಬೇಕು.

ಮೊದಲು ಎಷ್ಟೋ ಕಡೆ ಪ್ಲಾಸ್ಟಿಕ್ ಕವರಿನಲ್ಲಿ ಕಾಯಿ ಹಾಕಿ ಕೊಡುತ್ತಿದ್ದರು. 2016ರಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತು. ನಿಷೇಧ ಎಂದರೆ ಮಾಡಬಾರದು, ಮಾರಬಾರದು, ಬಳಸಬಾರದು ಎಂದು ಅರ್ಥ. ಬಟ್ಟೆ ಚೀಲ ಬೇಕು ಎಂದು ಕೇಳುವವರು ಈಗ ಇದ್ದಾರೆ. ಇದು ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ.

ಬಟ್ಟೆ ಚೀಲ ನಮಗೆ ಹೊಸದೇನಲ್ಲ. ಹಿಂದೆ ಅಜ್ಜಿಯರ ಸೊಂಟದಲ್ಲಿ ಎಲೆ ಅಡಿಕೆ ಸಂಚಿ ಇರುತ್ತಿತ್ತು. ಬಾಯಿಗೆ ದಾರ. ಎಳೆದರೆ ಮುಚ್ಚುತ್ತದೆ, ಸಡಿಲ ಬಿಟ್ಟರೆ ತೆರೆಯುತ್ತದೆ. ಸುಣ್ಣದ ಡಬ್ಬಿ, ಚಿಲ್ಲರೆ ಕಾಸು ಎಲ್ಲಾ ಅದರಲ್ಲೇ. ಸುಮಾರು 300 ವರ್ಷಗಳ ಹಿಂದೆ ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ಆಳುತ್ತಿದ್ದರು. ಅವರ ಅರಮನೆಯಲ್ಲಿ ರಾಣಿಗೆ ಎಲೆ ಅಡಿಕೆ ಸಂಚಿ ಹಿಡಿಯುವ ಊಳಿಗ ಹೊನ್ನಮ್ಮನವರದು. ಊಳಿಗದ ಈ ಹೆಣ್ಣುಮಗಳು ‘ಹದಿಬದೆಯ ಧರ್ಮ’ ಎಂಬ ಕಾವ್ಯ ಬರೆದರು. ಇಂದಿಗೂ ಅವರನ್ನು ಸಂಚಿ ಹೊನ್ನಮ್ಮ ಎಂದೇ ಕರೆಯುತ್ತಾರೆ.

ನಾವು ಹೊಲಿಯುವುದು ಅಂಥದ್ದೇ ಸಂಚಿ. ಕಾಯಿ ಹಿಡಿಸುವಷ್ಟು ದೊಡ್ಡದು, ಅಷ್ಟೇ.

ಚೂರು ಬಟ್ಟೆ ಎಲ್ಲಿ ಸಿಗುತ್ತದೆ? ರವಿಕೆ ಹೊಲಿದಾಗ ತುಂಡು ಉಳಿಯುತ್ತದೆ. ಲೈನಿಂಗ್ ಬಟ್ಟೆ ಉಳಿಯುತ್ತದೆ. ಹಳೇ ಸೀರೆಯಲ್ಲಿ ಗಟ್ಟಿ ಇರುವ ಭಾಗ ಇರುತ್ತದೆ. ಟೈಲರ್ ಅಂಗಡಿಯಲ್ಲಿ ಕೇಳಿದರೂ ಕೊಡಬಹುದು. ನೀವೇ ಬೇರೆಯವರಿಗೆ ಹೊಲಿಯುತ್ತೀರಾ? ಹಾಗಾದರೆ ಒಂದು ಮಾತು. ಅವರು ಕೊಟ್ಟ ಬಟ್ಟೆಯಲ್ಲಿ ಉಳಿದದ್ದು ಅವರದ್ದೇ. “ಅಕ್ಕಾ, ಈ ಚೂರು ನಾನು ಇಟ್ಕೊಳ್ಳಲಾ?” ಎಂದು ಕೇಳಿ ಇಟ್ಟುಕೊಳ್ಳಿ.

ಹತ್ತಿ ಬಟ್ಟೆ ಒಂದು ಗುಡ್ಡೆ ಮಾಡಿ. ರೇಷ್ಮೆ, ನೈಲಾನ್ ಬೇರೆ ಗುಡ್ಡೆ. ಹತ್ತಿ ಬಟ್ಟೆ ನೀರಿಗೆ ಬಿದ್ದರೆ ಕುಗ್ಗುತ್ತದೆ, ನೈಲಾನ್ ಕುಗ್ಗುವುದಿಲ್ಲ. ಎರಡನ್ನೂ ಸೇರಿಸಿ ಹೊಲಿದರೆ, ಒಗೆದ ಮೇಲೆ ಚೀಲ ಸುಕ್ಕುಗಟ್ಟುತ್ತದೆ. ಹೊಸ ಹತ್ತಿ ಚೂರನ್ನು ಮೊದಲೇ ನೆನೆಸಿ ಒಣಗಿಸಿ. ಬಣ್ಣ ಬಿಡುತ್ತದಾ? ಒದ್ದೆ ಚೂರನ್ನು ಬಿಳಿ ಬಟ್ಟೆ ಮೇಲೆ ಒತ್ತಿ ನೋಡಿ. ಕಲೆ ಬಿದ್ದರೆ ಅದನ್ನು ಪಕ್ಕಕ್ಕೆ ಇಡಿ.

ಈಗ ಅಳತೆ. ಟೇಪು ಇದ್ದರೆ ಸರಿ. ಇಲ್ಲದಿದ್ದರೆ ಒಂದು ದಾರ, ಮಕ್ಕಳ ಸ್ಕೇಲು ಸಾಕು. ಕಾಯಿಯ ಹೊಟ್ಟೆಗೆ ದಾರ ಸುತ್ತಿ ಅಳೆಯಿರಿ. 14 ಇಂಚು ಬಂತು ಅನ್ನಿ. ಚೀಲಕ್ಕೆ ಎರಡು ಬದಿ. ಹಾಗಾಗಿ 14ರಲ್ಲಿ ಅರ್ಧ, 7. ಕಾಯಿ ಸಲೀಸಾಗಿ ಇಳಿಯಬೇಕು, 1 ಇಂಚು ಸೇರಿಸಿ. 8 ಆಯಿತು. ಎರಡು ಪಕ್ಕದ ಹೊಲಿಗೆಗೆ ಅರ್ಧ ಅರ್ಧ ಇಂಚು. ಒಟ್ಟು ಅಗಲ 9 ಇಂಚು. ಹೊಲಿಗೆಗೆ ಬಟ್ಟೆ ಬಿಡದೆ ಕತ್ತರಿಸಿದರೆ ಚೀಲದೊಳಗೆ ಕಾಯಿ ಇಳಿಯುವುದಿಲ್ಲ. ಆಮೇಲೆ ಬಿಚ್ಚಿ ಹೊಲಿಯೋಕೂ ಆಗಲ್ಲ.

ಉದ್ದ 23 ಇಂಚು ಬೇಕು. ಅಷ್ಟು ಉದ್ದದ ಚೂರು ಎಲ್ಲಿಂದ ತರೋದು? ಮೂರು ತುಂಡು ಸೇರಿಸಿ. ಒಂದೊಂದೂ 9 ಇಂಚು ಅಗಲ, 8 ಇಂಚು ಉದ್ದ. ಮೂರು ಎಂಟಲ ಇಪ್ಪತ್ತನಾಲ್ಕು. ತುಂಡುಗಳನ್ನು ಕಾಲು ಇಂಚು ಒಳಗೆ ಹೊಲಿದು ಸೇರಿಸಿ. ಒಂದು ಸೇರಿಕೆಗೆ ಅರ್ಧ ಇಂಚು ಹೋಗುತ್ತದೆ. ಎರಡು ಸೇರಿಕೆಗೆ 1 ಇಂಚು ಹೋಯಿತು. ಉಳಿದದ್ದು 23. ನಡುವಿನ ತುಂಡೇ ಚೀಲದ ತಳ. ಕಾಯಿಯ ಭಾರ ಬೀಳುವುದು ಅಲ್ಲೇ. ಗಟ್ಟಿ ಬಟ್ಟೆ ಅಲ್ಲಿಗೆ ಹಾಕಿ. ಅಂದದ ಚೂರು ಮೇಲಿನ ಎರಡಕ್ಕೆ ಇರಲಿ.

ಬಟ್ಟೆಯ ಒಳಮೈ ಹೊರಗೆ ಬರುವಂತೆ ಸರಿಯಾಗಿ ಅರ್ಧಕ್ಕೆ ಮಡಚಿ. ಎರಡೂ ಪಕ್ಕ ಹೊಲಿಯಿರಿ. ಮೇಲೆ ಮಾತ್ರ 2 ಇಂಚು ಹೊಲಿಯದೆ ಬಿಡಿ. ಮಿಷನ್ ಇಲ್ಲವೇ? ಕೈಯಲ್ಲೇ ಹೊಲಿಯಿರಿ. ಸೂಜಿಯನ್ನು ಒಂದು ಹೆಜ್ಜೆ ಹಿಂದಕ್ಕೆ ಚುಚ್ಚಿ, ಎರಡು ಹೆಜ್ಜೆ ಮುಂದೆ ತೆಗೆಯಿರಿ. ಬರೀ ಮುಂದಕ್ಕೆ ಓಡಿಸಿದ ಹೊಲಿಗೆ ಕಾಯಿಯ ಭಾರಕ್ಕೆ ಬಿಚ್ಚಿಕೊಳ್ಳುತ್ತದೆ.

ಹೊಲಿಯದೆ ಬಿಟ್ಟ 2 ಇಂಚಿನ ಅಂಚನ್ನು ಒಳಕ್ಕೆ ಮಡಚಿ ಹೊಲಿಯಿರಿ. ಆಮೇಲೆ ಚೀಲದ ಬಾಯಿ. ಮೊದಲು ಅರ್ಧ ಇಂಚು ಮಡಚಿ, ಅದರ ಮೇಲೆ ಇನ್ನೊಂದು ಇಂಚು ಮಡಚಿ. ಮಡಿಕೆಯ ಕೆಳ ಅಂಚಿಗೆ ಹೊಲಿಗೆ ಹಾಕಿ. ಎರಡೂ ಬದಿಗೆ ಹೀಗೆ ಮಾಡಿ. ಲಂಗಕ್ಕೆ ಲಾಡಿ ಏರಿಸುವ ಜಾಗ ಇರುತ್ತದಲ್ಲಾ, ಹಾಗೇ ಆಗುತ್ತದೆ. ಈಗ ಚೀಲವನ್ನು ತಿರುಗಿಸಿ. ಚೀಲದ ಎತ್ತರ 10 ಇಂಚು ಬಂದಿರುತ್ತದೆ.

24 ಇಂಚಿನ ಲಾಡಿ ಎರಡು ಬೇಕು. ತುದಿಗೆ ಪಿನ್ನು ಚುಚ್ಚಿ ಏರಿಸಿ. ಒಂದು ಲಾಡಿ ಬಲಗಡೆ ಹೋಗಿ, ಸುತ್ತಿ, ಬಲಗಡೆಯೇ ಬರಬೇಕು. ಇನ್ನೊಂದು ಎಡಗಡೆ ಹೋಗಿ ಎಡಗಡೆಯೇ ಬರಬೇಕು. ತುದಿಗಳಿಗೆ ಗಂಟು ಹಾಕಿ. ಎರಡೂ ಕಡೆ ಎಳೆದರೆ ಬಾಯಿ ಮುಚ್ಚುತ್ತದೆ. ಸಂಕ್ರಾಂತಿಯ ಎಳ್ಳು ಬೀರಲು ಇದರ ಅರ್ಧದಷ್ಟು ಚೀಲ ಸಾಕು.

ಹೊಲಿಯುವುದನ್ನು ಎಷ್ಟೋ ಜನ ಬಲ್ಲರು. ಬೆಲೆ ಹೇಳುವಾಗಲೇ ನಾಲಿಗೆ ತಡವರಿಸುತ್ತದೆ. “ಚಿಂದಿ ಬಟ್ಟೆ ತಾನೆ? ಅದಕ್ಕೇನು ಕಾಸು?” ಎನ್ನುತ್ತಾರೆ. ಲೆಕ್ಕ ಬರೆದು ತೋರಿಸಿ. ಮದುವೆಗೆ 60 ಚೀಲ ಕೇಳಿದರು ಅನ್ನಿ. ಒಂದಕ್ಕೆ 20 ನಿಮಿಷ ಹಿಡಿದರೆ 60ಕ್ಕೆ 1200 ನಿಮಿಷ. ಅಂದರೆ 20 ಗಂಟೆ. ಗಂಟೆಗೆ 40 ರೂಪಾಯಿ ಕೂಲಿ ಇಟ್ಟರೆ 800 ರೂಪಾಯಿ. ಲಾಡಿ ಒಂದು ಚೀಲಕ್ಕೆ 48 ಇಂಚು. 60 ಚೀಲಕ್ಕೆ 80 ಗಜ. ಗಜಕ್ಕೆ 2 ರೂಪಾಯಿಯಂತೆ 160. ದಾರಕ್ಕೆ 40. ಎಲ್ಲಾ ಸೇರಿ 1000 ರೂಪಾಯಿ. ಬಟ್ಟೆಗೆ ಒಂದು ಕಾಸೂ ಹಾಕಿಲ್ಲ, ಆದರೂ ಒಂದು ಚೀಲಕ್ಕೆ ಸುಮಾರು 17 ರೂಪಾಯಿ ಬಿತ್ತು. ಇದು ಲೆಕ್ಕ ಕಲಿಯಲು ಹೇಳಿದ್ದು. ನಿಮ್ಮ ಪೇಟೆಯ ದರ, ನಿಮ್ಮ ಕೈಯ ವೇಗ ಹಾಕಿ ನೀವೇ ಮಾಡಿ ನೋಡಿ. ಕೈಹೊಲಿಗೆಗೆ ಹೊತ್ತು ಜಾಸ್ತಿ ಬೇಕು.

ಒಪ್ಪಿಕೊಳ್ಳುವ ಮೊದಲು ಚೂರುಗಳನ್ನು ಎಣಿಸಿ. 60 ಚೀಲಕ್ಕೆ 180 ತುಂಡು ಬೇಕು. ಮನೆಯಲ್ಲಿ 90 ಇದ್ದರೆ 30 ಚೀಲ ಮಾತ್ರ. ಉಳಿದದ್ದಕ್ಕೆ ಬಟ್ಟೆ ಕೊಳ್ಳಬೇಕು, ಆಗ ಬೆಲೆಯೂ ಏರುತ್ತದೆ. ಇದನ್ನು ಮೊದಲೇ ಹೇಳಿಬಿಡಿ.

ಮಾತು ಮುಗಿದ ಮೇಲೆ ನೋಟು ಪುಸ್ತಕ ತೆಗೆಯಿರಿ. ನಿಮ್ಮ ಕೈಯಲ್ಲೇ ಬರೆಯಿರಿ. ಚೀಲ 60. ಒಂದಕ್ಕೆ 17 ರೂಪಾಯಿ. ಒಟ್ಟು 1020. ಮುಂಗಡ 300. ಬಾಕಿ 720. ಕೊಡಬೇಕಾದ ದಿನ ಯಾವುದು ಎಂದೂ ಬರೆಯಿರಿ. ಕೆಳಗೆ ಅವರ ಸಹಿ ಹಾಕಿಸಿ, ನಿಮ್ಮ ಸಹಿಯನ್ನೂ ಹಾಕಿ.